ತಂದೆಯ ಸಂಚಿ
(ಬಾನುಲಿ ಭಾಷಣ)

ಪ್ರೌಢಶಾಲೆಯ ಮಕ್ಕಳು ದುಶ್ಚಟಗಳಿಗೆ ಬೀಳದಂತೆ ಕಾಯುವವರು ಯಾರು? ಉತ್ತರಿಸುವ ಮುನ್ನ ನನ್ನದೇ ಒಂದು ತಪ್ಪನ್ನು ಕೇಳುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿದ್ದ ನನಗೆ ಊಟವಾದ ಮೇಲೆ ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸವಿತ್ತು. ತಾಂಬೂಲ ಮಂಗಳದ್ರವ್ಯವಲ್ಲವೇ ಎಂದು ಸಮರ್ಥಿಸಿಕೊಳ್ಳುತ್ತಿದ್ದೆ. ತಾಂಬೂಲ ನಮ್ಮಲ್ಲಿ ಪ್ರಾಚೀನವಾದುದು, ನಿಜ. ಹೊಗೆಸೊಪ್ಪಾದರೋ ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗುಗಳಲ್ಲಿ ಇಲ್ಲಿಗೆ ಬಂದುದು. ಇದನ್ನು ಬಲ್ಲವನಾದರೂ ಅನುಕೂಲಕ್ಕೆ ಮರೆತಿದ್ದೆ. ಸಂಚಿ ಬರಿದಾದಾಗ ಬೀದಿಯ ಕೊನೆಯ ಅಂಗಡಿಯಿಂದ ತರುತ್ತಿದ್ದವನು ನನ್ನ ಮಗ.

ಅವನು ಒಂಬತ್ತನೆಯ ತರಗತಿಯಲ್ಲಿದ್ದಾಗ ಜೇಬಿನಲ್ಲಿ ಗುಟ್ಕಾ ಪೊಟ್ಟಣ ಸಿಕ್ಕಿತು. ನಾನು ನೀತಿಬೋಧೆಗೆ ಸಿದ್ಧನಾದೆ. ಅವನು ತಲೆ ತಗ್ಗಿಸಿ, "ಅಪ್ಪಾ, ನಿಮಗೆ ಹೊಗೆಸೊಪ್ಪು ತರುವಾಗಲೇ ಮೊದಲ ಸಲ ರುಚಿ ನೋಡಿದ್ದು" ಎಂದ. ನನ್ನ ಮಾತೆಲ್ಲ ಗಂಟಲಲ್ಲೇ ಉಳಿಯಿತು. ಅಂದು ರಾತ್ರಿಯೇ ಸಂಚಿಯನ್ನು ಬಚ್ಚಲೊಲೆಗೆ ಹಾಕಿದೆ.

ಅದರಿಂದ ಅರ್ಧ ಕೆಲಸವಷ್ಟೇ ಆಯಿತು. ಶಾಲೆ ಬಿಟ್ಟ ಮೇಲಿನ ಹೊತ್ತು ಗೆಳೆಯರದು. ಪೊಟ್ಟಣ ಕೈಯಿಂದ ಕೈಗೆ ದಾಟುತ್ತಿದ್ದುದು ಆಗಲೇ. "ಒಂದು ಚಿಟಿಕೆಗೆ ಏನಾಗುತ್ತದೋ?" ಎನ್ನುವ ಸ್ನೇಹಿತನೆದುರು ತಂದೆಯ ಮಾತು ನಿಲ್ಲದು. ಅಲ್ಲಿ ಅವನನ್ನು ಉಳಿಸಿದವನು ಸಹಪಾಠಿಯೊಬ್ಬ. ಆ ಹುಡುಗ ಉಪದೇಶ ಮಾಡಲಿಲ್ಲ. ಪ್ರತಿ ಸಂಜೆ ಕಬಡ್ಡಿ ಆಟಕ್ಕೆ ಎಳೆದೊಯ್ದ. ಬೇಡವೆನ್ನಲು ನನ್ನ ಮಗನಿಗೊಂದು ಜೊತೆ ಸಿಕ್ಕಿತು.

ಇದು ಒಂದು ಮನೆಯ ಕಥೆಯೆನ್ನುವುದಾದರೆ, ಒಂದು ದೇಶದ ಅನುಭವವನ್ನೂ ನೋಡಬಹುದು. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15-16 ವಯಸ್ಸಿನ ಮಕ್ಕಳ ಪೈಕಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದವರಾಗಿದ್ದರು. 2016ರ ವೇಳೆಗೆ ಆ ಸಂಖ್ಯೆ 5ಕ್ಕೆ ಇಳಿಯಿತು. ಅಲ್ಲಿನವರು ಬೆದರಿಸುವ ಭಾಷಣಗಳನ್ನು ನೆಚ್ಚಲಿಲ್ಲ. ಮಕ್ಕಳೊಡನೆ ಹೆಚ್ಚು ಹೊತ್ತು ಕಳೆಯುವಂತೆ ತಂದೆತಾಯಿಗಳನ್ನು ಒಪ್ಪಿಸಿದರು. ಸಂಜೆಗಳನ್ನು ಆಟ, ಸಂಗೀತಗಳಿಂದ ತುಂಬಿದರು.

ನಮ್ಮಲ್ಲಿಯೂ ಕಾನೂನಿದೆ. 18 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು 2003ರ ಕೇಂದ್ರ ಕಾಯಿದೆ ನಿಷೇಧಿಸಿತು. ಕರ್ನಾಟಕ 2025ರಲ್ಲಿ ಈ ವಯೋಮಿತಿಯನ್ನು 21ಕ್ಕೆ ಏರಿಸಿತು. ಕಾನೂನು ಅಂಗಡಿಯ ಬಾಗಿಲಲ್ಲಿ ನಿಲ್ಲಬಲ್ಲದು. ನಮ್ಮ ಪಡಸಾಲೆಯನ್ನು ಕಾಯಲಾರದು.

ಆದುದರಿಂದ ಮಗುವಿನ ಕೈಗೆ ಕಾಸು ಕೊಟ್ಟು ಏನನ್ನು ತರಿಸುತ್ತಿದ್ದೇವೆಂದು ಒಮ್ಮೆ ಯೋಚಿಸೋಣ. ಅವನ ಗೆಳೆಯ ಮನೆಗೆ ಬಂದರೆ ಹೆಸರು ಕೇಳಿ, ಕೂರಿಸಿ, ಒಂದು ಲೋಟ ಮಜ್ಜಿಗೆ ಕೊಡೋಣ. ನಾವಿಲ್ಲದ ಕಡೆ ನಮ್ಮ ಮಗನ ಪಕ್ಕದಲ್ಲಿರುವವನು ಅವನೇ.