ಕುಂಡದಲ್ಲಿ ಪುಟ್ಟ ಲೆಟ್ಯೂಸ್

(ಹೊರರೋಗಿ ವಿಭಾಗದಲ್ಲಿ ರೋಗಿಗಳು ಹಾಗೂ ಅವರ ಬಂಧುಗಳಿಗೆ ನೀಡಿದ ಉಪನ್ಯಾಸ)



ಜೋಳದ ರೊಟ್ಟಿಯ ಜೊತೆ ಹಕ್ಕರಕಿ, ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು ಹಸಿಯಾಗಿ ತಿನ್ನುವುದು ನಮಗೆ ಹೊಸದಲ್ಲ. ಪೇಟೆಯಲ್ಲಿ ಸಿಗುವ ಲೆಟ್ಯೂಸ್ ಕೂಡ ಹಾಗೆಯೇ ತಿನ್ನುವ ಸೊಪ್ಪು. ಅದನ್ನು ಮನೆಯಲ್ಲೇ ಬೆಳೆಯಿರಿ ಎಂದು ಹೇಳಲು ಕಾರಣವಿದೆ.

ಫಿಟ್ಸ್ ಬಂದು ಸ್ಕ್ಯಾನ್ ಮಾಡಿಸಿದಾಗ ಕೆಲವರ ಮಿದುಳಿನಲ್ಲಿ ಲಾಡಿಹುಳದ ಗಂಟು ಕಾಣುತ್ತದೆ. "ನಾವು ಮಾಂಸ ಮುಟ್ಟುವವರಲ್ಲ, ಇದು ಹೇಗೆ ಬಂತು ಸಿಸ್ಟರ್?" ಎಂದು ಮನೆಯವರು ಕೇಳುತ್ತಾರೆ. ಹುಳವಿರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳಿರುತ್ತವೆ. ಬಯಲು ಶೌಚದಿಂದಲೋ ಚರಂಡಿ ನೀರಿನಿಂದಲೋ ಅವು ಸೊಪ್ಪಿಗೆ ಅಂಟುತ್ತವೆ. ತೊಳೆಯದ ಕೈಯಿಂದಲೂ ಊಟಕ್ಕೆ ಸೇರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಉಪ್ಪುನೀರಿನಲ್ಲಿ ನೆನೆಸಿದರೆ ಸತ್ತುಹೋಗುತ್ತವೆ ಎಂದು ನಂಬಿ ಕೂರಬೇಡಿ. ಎಲೆ ಬಿಡಿಸಿ, ಒಂದೊಂದನ್ನೂ ಹರಿಯುವ ಶುದ್ಧ ನೀರಿನಲ್ಲಿ ಎರಡೂ ಬದಿ ಉಜ್ಜಿ ತೊಳೆಯಿರಿ. ಯಾವ ನೀರಿನಲ್ಲಿ ಬೆಳೆದದ್ದೆಂದು ಗೊತ್ತಿಲ್ಲದ ಸೊಪ್ಪನ್ನು ಬೇಯಿಸಿಯೇ ತಿನ್ನಿ.

ಮನೆಯ ಕುಂಡದಲ್ಲಾದರೆ ನೀರು ನಿಮ್ಮದೇ. ದೊಡ್ಡ ತಳಿ ಬೇಡ. ಟಾಮ್ ಥಂಬ್ ಎಂಬುದು ಮುಷ್ಟಿಯಷ್ಟು ಉಂಡೆ ಕಟ್ಟುತ್ತದೆ. ಲಿಟಲ್ ಜೆಮ್ ಹೆಚ್ಚೆಂದರೆ ಗೇಣುದ್ದ. 6 ಅಂಗುಲ ಆಳದ ಕುಂಡ ಸಾಕು, ಹಳೆಯ ಎಣ್ಣೆ ಡಬ್ಬಿಯ ತಳಕ್ಕೆ ತೂತು ಹಾಕಿದರೂ ನಡೆಯುತ್ತದೆ. ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ ಬಿತ್ತಿ, ಮಣ್ಣು ಕಾದಿದ್ದರೆ ಬೀಜ ಮೊಳೆಯುವುದಿಲ್ಲ. ಬೀಜಕ್ಕೆ ಬೆಳಕೂ ಬೇಕು, ಮೇಲೆ ಮಣ್ಣು ಉದುರಿಸಿದಷ್ಟೇ ಇರಲಿ. ಹಸಿ ಸಗಣಿ ಬೇಡವೇ ಬೇಡ, ಚೆನ್ನಾಗಿ ಕಳಿತ ಗೊಬ್ಬರ ಹಾಕಿ. ತಿಂಗಳು ಕಳೆದ ಮೇಲೆ ಹೊರಗಿನ ಎಲೆ ಕಿತ್ತುಕೊಳ್ಳಬಹುದು, ಉಂಡೆಗೆ ಸುಮಾರು ಎರಡು ತಿಂಗಳು. ಬಿಸಿಲು ಏರಿದಂತೆ ಗಿಡ ಹೂವಿಗೆ ಎದ್ದು ಎಲೆ ಕಹಿಯಾಗುತ್ತದೆ. ಆಗ ಅದರ ಆಸೆ ಬಿಟ್ಟುಬಿಡಿ.

ನೆನೆಸಿದ ಹೆಸರುಬೇಳೆಯ ಕೋಸಂಬರಿಗೆ ಸೌತೆಕಾಯಿಯ ಜೊತೆ ಹೆಚ್ಚಿ ಹಾಕಿ. ಉಪ್ಪು ಕೊನೆಗೆ, ಇಲ್ಲದಿದ್ದರೆ ನೀರು ಬಿಡುತ್ತದೆ. ಬೇಯಿಸುವುದಾದರೆ ಬೆಂದ ತೊಗರಿಬೇಳೆಗೆ ಸೊಪ್ಪು ಹಾಕಿ, ಎರಡು ಕುದಿ ಬರಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಬಹಳ ಹೊತ್ತು ಬೆಂದರೆ ಲೋಳೆಯಾಗುತ್ತದೆ, ನನಗಂತೂ ಸೇರುವುದಿಲ್ಲ.

ಕಿಮೋಥೆರಪಿ ನಡೆಯುತ್ತಿರುವವರಿಗೆ ಹಸಿ ಸೊಪ್ಪು ಕೊಡುವ ಮುನ್ನ ವೈದ್ಯರನ್ನು ಕೇಳಿ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಅಥವಾ ಅಸಿಟ್ರಾಮ್ ನುಂಗುವವರು ಸೊಪ್ಪನ್ನೇ ಬಿಡಬೇಕಾಗಿಲ್ಲ. ಆದರೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಬಲ ಕುಗ್ಗಿಸುತ್ತದೆ. ಒಂದು ವಾರ ದಿನಾಲೂ ತಿಂದು ಮುಂದಿನ ವಾರ ಮುಟ್ಟದಿದ್ದರೆ ಐಎನ್‌ಆರ್ ಏರುಪೇರಾಗುತ್ತದೆ. ಪ್ರಮಾಣ ಒಂದೇ ತೆರನಾಗಿರಲಿ. ಹೊಸದಾಗಿ ಶುರು ಮಾಡಿದ್ದರೆ ರಕ್ತ ಪರೀಕ್ಷೆಗೆ ಬಂದಾಗ ತಪ್ಪದೆ ತಿಳಿಸಿ.