ಪಿಟೀಲಿನ ಭಾರ ಯಾರು ಹೊರಬೇಕು?

ಪಿಟೀಲು ಕಲಿಯಲು ಕೂತ ಮಗುವಿಗೆ ಮೊದಮೊದಲು ಬೀಳುವ ಬೈಗುಳವೆಲ್ಲ ಎಡಗೈಗೇ. ಮಣಿಕಟ್ಟು ಕುಸಿಯಿತು, ಹೆಬ್ಬೆರಳು ಬಿಗಿಯಾಯಿತು, ಅಂಗೈ ಹಿಡಿಗೆ ಅಂಟಿಕೊಂಡಿತು. ಮೇಷ್ಟ್ರು ಹೀಗೆ ಹೇಳುವುದಕ್ಕೆ ಕಾರಣವಿದೆ. ವೀಣೆಗಿರುವಂತೆ ಪಿಟೀಲಿಗೆ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಆಚೀಚೆಯಾದರೂ ಅಪಸ್ವರ.

ಹಾಗಾದರೆ ಎಡಗೈ ಸರಿಯಾಗಿ ಇರಬೇಕಾದದ್ದು ಹೇಗೆ? ಇದಕ್ಕೆ ಒಂದೊಂದು ಕಾಲದವರು ಒಂದೊಂದು ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಒಳಗಿರುವುದು ಬೇರೆಯೇ ಪ್ರಶ್ನೆ ಎಂದು ನನಗನ್ನಿಸುತ್ತದೆ: ವಾದ್ಯದ ಭಾರವನ್ನು ಯಾರು ಹೊರಬೇಕು?

ಇಟಲಿಯ ಲೂಕಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಫ್ರಾಂಚೆಸ್ಕೊ ಜೆಮಿನಿಯಾನಿ 1751ರಲ್ಲಿ ಪಿಟೀಲು ವಾದನದ ಬಗ್ಗೆ ಪುಸ್ತಕವೊಂದನ್ನು ಪ್ರಕಟಿಸಿದ. ವಾದ್ಯವನ್ನು ಕೊರಳೆಲುಬಿನ ಸ್ವಲ್ಪ ಕೆಳಗೆ ಆನಿಸಬೇಕು ಎನ್ನುತ್ತಾನೆ ಅವನು. ಗದ್ದದ ಮಾತೇ ಇಲ್ಲ. ಕೈಯ ಆಕಾರಕ್ಕೆ ಅವನು ಕೊಟ್ಟ ಉಪಾಯ ಮಾತ್ರ ಇವತ್ತಿಗೂ ಬಾಳುತ್ತಿದೆ. ತೋರುಬೆರಳನ್ನು ಅತಿ ತೆಳುವಾದ ತಂತಿಯ ಮೇಲಿಡಿ, ನಡುಬೆರಳನ್ನು ಅದರ ಪಕ್ಕದ ತಂತಿಯ ಮೇಲೆ, ಉಂಗುರಬೆರಳನ್ನು ಮೂರನೆಯದರ ಮೇಲೆ, ಕಿರುಬೆರಳನ್ನು ದಪ್ಪ ತಂತಿಯ ಮೇಲೆ. ನಾಲ್ಕು ಬೆರಳು, ನಾಲ್ಕು ತಂತಿ. ಹಾಗೆ ಇಡಬೇಕಾದರೆ ಮೊಣಕೈ ತಾನಾಗಿ ಒಳಕ್ಕೆ ಬರಲೇಬೇಕು, ಬೆರಳುಗಳು ಬಾಗಲೇಬೇಕು. ಆಮೇಲೆ ಬೆರಳುಗಳನ್ನು ಸ್ವಲ್ಪ ಎತ್ತಿದರಾಯಿತು, ಕೈ ಸಿದ್ಧ. ಪುಟಗಟ್ಟಲೆ ವಿವರಣೆ ಬರೆದವರಿಗಿಂತ ಇವನೇ ಜಾಣ ಎನ್ನಬೇಕು.

ಐದು ವರ್ಷ ಕಳೆದು, 1756ರಲ್ಲಿ, ಲಿಯೊಪೋಲ್ಡ್ ಮೊಜಾರ್ಟ್‌ನ ಪುಸ್ತಕ ಆಗ್ಸ್‌ಬರ್ಗ್‌ನಲ್ಲಿ ಅಚ್ಚಾಯಿತು. ಮಗ ವುಲ್ಫ್‌ಗ್ಯಾಂಗ್ ಹುಟ್ಟಿದ ವರ್ಷವೂ ಅದೇ. ಪಿಟೀಲಿನ ಹಿಡಿಯನ್ನು ಮರದ ತುಂಡನ್ನು ಹಿಡಿದ ಹಾಗೆ ಮುಷ್ಟಿಯೊಳಗೆ ಹಿಡಿಯಬೇಡಿ ಎಂದು ಅಪ್ಪ ಮೊಜಾರ್ಟ್ ಗದರುತ್ತಾನೆ. ಎದೆಯ ಎತ್ತರಕ್ಕೆ ಸಡಿಲವಾಗಿ ಹಿಡಿಯುವ ರೀತಿ ನೋಡುವವರಿಗೆ ಚೆಂದ, ನುಡಿಸುವವರಿಗೆ ಕಷ್ಟ ಎಂಬುದೂ ಅವನಿಗೆ ಗೊತ್ತಿತ್ತು. ಕೈ ಮೇಲಿನ ಸ್ವರಗಳಿಗೆ ಹತ್ತುವಾಗ ತೊಂದರೆಯಿಲ್ಲ. ಇಳಿದು ಬರುವಾಗ ಪಿಟೀಲೇ ಕೈಯ ಜೊತೆ ಜಾರಿ ಬರುತ್ತದೆ. ಆ ಕಾಲದವರು ಹೆಬ್ಬೆರಳನ್ನು ಮೊದಲು ಹಿಂದಕ್ಕೆ ಎಳೆದುಕೊಂಡು, ತೆವಳುವಂತೆ ಕೈ ಇಳಿಸುತ್ತಿದ್ದರು. ಬೆರಳಿಡದೆ ಬರಿ ತಂತಿ ನುಡಿಯುವ ಸ್ವರ ಬಂತೆಂದರೆ ಆ ಗಳಿಗೆಯಲ್ಲೇ ಕೈಯನ್ನು ಕೆಳಗೆ ತಂದುಬಿಡುತ್ತಿದ್ದರು.

ಈ ಪೇಚಿಗೆ ಪರಿಹಾರ ಬಂದದ್ದು 1820ರ ಸುಮಾರಿಗೆ. ಜರ್ಮನಿಯ ಲೂಯಿ ಸ್ಪೋರ್ ವಾದ್ಯದ ಮೇಲೆ ಗದ್ದ ಊರಲು ಒಂದು ಸಣ್ಣ ಮರದ ಆಸರೆ ಜೋಡಿಸಿದ. ಭಾರ ಗದ್ದಕ್ಕೂ ಭುಜಕ್ಕೂ ಹೋಯಿತು, ಎಡಗೈ ಬಿಡುಗಡೆ ಪಡೆಯಿತು. ಭುಜದಡಿಯ ದಿಂಬು, ಪಟ್ಟಿ ಎಲ್ಲ ಆಮೇಲಿನ ಕಥೆ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ದಕ್ಷಿಣದಲ್ಲಿ ಇನ್ನೊಂದು ದಾರಿ ತೆರೆದಿತ್ತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ ಐರೋಪ್ಯ ವಾದಕನೊಬ್ಬನಿಂದ ಪಿಟೀಲು ಕಲಿತು, ಅದರಲ್ಲಿ ನಮ್ಮ ಸಂಗೀತ ನುಡಿಸತೊಡಗಿದರು. ತಂಜಾವೂರು ಸಹೋದರರಲ್ಲಿ ಒಬ್ಬರಾದ ವಡಿವೇಲು ತಿರುವಾಂಕೂರಿನ ಆಸ್ಥಾನದಲ್ಲಿ ಅದಕ್ಕೆ ಮನ್ನಣೆ ತಂದರು. ಮಹಾರಾಜ ಸ್ವಾತಿ ತಿರುನಾಳ್ ವಡಿವೇಲು ಅವರಿಗೆ 1834ರಲ್ಲಿ ದಂತದ ಪಿಟೀಲನ್ನು ಬಹುಮಾನವಾಗಿ ಕೊಟ್ಟರೆಂಬುದು ಪ್ರಸಿದ್ಧ.

ನಮ್ಮವರು ವಾದ್ಯವನ್ನು ಬದಲಿಸಲಿಲ್ಲ, ಕೂತುಕೊಂಡರು, ಅಷ್ಟೇ. ಚಕ್ಕಳಮಕ್ಕಳ ಹಾಕಿ, ಬಲಗಾಲನ್ನು ತುಸು ಮುಂದೆ ಚಾಚಿ, ಪಿಟೀಲಿನ ಸುರುಳಿಯನ್ನು ಪಾದದ ಮೇಲೆ ಊರಿದರು. ಇನ್ನೊಂದು ತುದಿ ಎಡ ಎದೆಗೆ, ಭುಜದ ಹತ್ತಿರಕ್ಕೆ ಆನಿತು. ಭಾರವೆಲ್ಲ ಕಾಲಿಗೂ ಎದೆಗೂ ಹಂಚಿಹೋಯಿತು. ಗದ್ದಕ್ಕೆ ಕೆಲಸವೇ ಉಳಿಯಲಿಲ್ಲ. ತಮಾಷೆಯೆಂದರೆ, ಕಚೇರಿ ಪಿಟೀಲುಗಳಲ್ಲಿ ಗದ್ದದ ಆ ಆಸರೆ ಇವತ್ತಿಗೂ ಎಷ್ಟೋ ಕಡೆ ಹಾಗೇ ಕೂತಿರುತ್ತದೆ, ಯಾರ ಗದ್ದವನ್ನೂ ಕಾಣದೆ.

ನಮ್ಮ ಸಂಗೀತಕ್ಕೆ ಬೇಕಾದದ್ದೂ ಇದೇ. ತೋಡಿ ರಾಗದ ಗಾಂಧಾರವನ್ನೇ ತೆಗೆದುಕೊಳ್ಳಿ. ಅದು ಒಂದು ಜಾಗದಲ್ಲಿ ನಿಲ್ಲುವ ಸ್ವರವಲ್ಲ, ಎರಡು ಸ್ಥಾನಗಳ ನಡುವೆ ತೂಗುವ ಸ್ವರ. ಇಂಥ ತೂಗಾಟವೇ ಗಮಕ. ಬೆರಳು ತಂತಿಯನ್ನು ಬಿಡದೆ ಮುಂದಕ್ಕೂ ಹಿಂದಕ್ಕೂ ಉಜ್ಜಬೇಕು, ಮಣಿಕಟ್ಟು ಅದರ ಜೊತೆ ಹೋಗಿ ಬರಬೇಕು. ವಾದ್ಯವನ್ನು ಎತ್ತಿ ಹಿಡಿದ ಕೈಗೆ ಇದು ಆಗದ ಮಾತು. ಬೆರಳು ಸಲೀಸಾಗಿ ಜಾರಲೆಂದು ತುದಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವವರಿದ್ದಾರೆ. ಅದೇ ಎಣ್ಣೆ ಕಮಾನಿನ ಕೂದಲಿಗೆ ತಗುಲಿದರೆ ಕಚೇರಿ ಕೆಟ್ಟಿತು.

ಇನ್ನು ನಮ್ಮ ಮೈಸೂರಿನ ಟಿ. ಚೌಡಯ್ಯನವರು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತವರು. ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಜೋಡಿಯಾಗಿ ಸೇರಿಸಿದರು. ಜೋಡಿ ತಂತಿಗಳೆಂದರೆ ಒಂದೇ ಬೆರಳು ಎರಡನ್ನೂ ಒಟ್ಟಿಗೆ ಒತ್ತಬೇಕು, ಒತ್ತಿಕೊಂಡೇ ಗಮಕ ತೆಗೆಯಬೇಕು, ಎರಡೂ ಶ್ರುತಿ ತಪ್ಪಬಾರದು. ಏಳು ತಂತಿಯ ನಾದವನ್ನು ಎಲ್ಲರೂ ಹೊಗಳುತ್ತಾರೆ. ಅದಕ್ಕೆ ಬೇಕಾದ ಬೆರಳಿನ ಕಸುವನ್ನು ನೆನೆಯುವವರು ಕಡಿಮೆ.

ಪಾಶ್ಚಾತ್ಯ ಪದ್ಧತಿಯಲ್ಲಿ ನಾಲ್ಕು ಬೆರಳಿಗೂ ಸರಿಸಮ ಕೆಲಸ. ನಮ್ಮಲ್ಲಿ ತೋರುಬೆರಳು, ನಡುಬೆರಳುಗಳದ್ದೇ ಹೆಚ್ಚಿನ ದುಡಿಮೆ, ಏಕೆಂದರೆ ಗಮಕಕ್ಕೆ ಬೇಕಾದ ಬಲ ಅವಕ್ಕಿದೆ. ಪರೂರು ಪರಂಪರೆಯ ಎಂ. ಎಸ್. ಗೋಪಾಲಕೃಷ್ಣನ್ ಒಂದೇ ಬೆರಳಿನಲ್ಲಿ ತಂತಿಯುದ್ದಕ್ಕೂ ಓಡುತ್ತಿದ್ದರು. ಹೀಗಿರುವಾಗ ಕಿರುಬೆರಳನ್ನು ಎಷ್ಟು ಬಳಸಬೇಕೆಂಬ ಚರ್ಚೆ ಪಾಠದ ಮನೆಗಳಲ್ಲಿ ಇನ್ನೂ ನಡೆದೇ ಇದೆ. ವೇಗದ ಸ್ವರಗಳಿಗೆ ಬಳಸಿ, ರಾಗ ಎಳೆಯುವಾಗ ಬಿಡಿ ಎನ್ನುವವರ ಕಡೆಗೆ ನನ್ನ ಮತ.