ಕಾರ್ಡು ಮುಗಿಯಿತು, ಕಪಾಟು ಎಲ್ಲಿ?

(ಮಾಸಿಕ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)

 

ಅನುಭಾವದ ಮಾತು ಹೇಳುವ ಯೋಗ್ಯತೆ ನನ್ನದಲ್ಲ. 34 ವರ್ಷ ಸರ್ಕಾರದಲ್ಲಿ ಎಂಜಿನಿಯರ್ ಆಗಿ ಕಾಲುವೆ, ಸೇತುವೆ, ಶಾಲೆಯ ಕಟ್ಟಡಗಳ ಅಳತೆ ಬರೆದುಕೊಂಡು ಬಂದವನು ನಾನು. ಪೂಜ್ಯರೂ ಅದಕ್ಕೇ, "ನೀವು ಲೆಕ್ಕದ ಮಾತನ್ನೇ ಆಡ್ರಿ" ಎಂದು ಅಪ್ಪಣೆ ಕೊಡಿಸಿದ್ದಾರೆ. ನಮ್ಮ ಹೆಣ್ಣುಮಕ್ಕಳ ಪ್ರಸಾದ ನಿಲಯಕ್ಕೆ ಮಹಡಿ ಕಟ್ಟಿಸಲು 2022ರಿಂದ ದೇಣಿಗೆ ಕೂಡಿಸುತ್ತ ಬಂದೆವಲ್ಲ, ಅದನ್ನು ಒಂದು ತಂತ್ರಾಂಶದ ಸಹಾಯದಿಂದ ಹೇಗೆ ನಿಭಾಯಿಸಿದೆವು, ಎಲ್ಲಿ ಎಡವಿದೆವು ಎಂಬುದನ್ನು ಹೇಳುತ್ತೇನೆ. ಎಡವಿದೆವು ಎಂದೆ. ಎಡವಿದವನು ನಾನು.

ಮೊದಲು ನಮ್ಮ ದೇಣಿಗೆಯ ಲೆಕ್ಕ ಹೇಗಿತ್ತು ಎಂಬುದು ನಿಮಗೂ ಗೊತ್ತು. ಒಂದು ರಸೀದಿ ಪುಸ್ತಕ ಅಧ್ಯಕ್ಷರ ಕೈಯಲ್ಲಿ, ಇನ್ನೊಂದು ಕಾರ್ಯದರ್ಶಿಯವರ ಮೋಟಾರು ಸೈಕಲ್ಲಿನ ಡಬ್ಬಿಯಲ್ಲಿ. ಜಾತ್ರೆಯ ವೇದಿಕೆಯ ಮೇಲೆ "ಒಂದು ಕೋಣೆ ನನ್ನದು" ಎಂದು ಘೋಷಿಸಿದವರ ಹೆಸರು ಯಾರದೋ ಲಗ್ನಪತ್ರಿಕೆಯ ಹಿಂದೆ ಬರೆದಿರುತ್ತಿತ್ತು. ಒಬ್ಬರ ಮನೆಗೆ ಮೂವರು ಮೂರು ಸಲ ಹೋಗಿ ಕೇಳುತ್ತಿದ್ದೆವು, ಇನ್ನೊಬ್ಬರ ಮನೆಗೆ ಯಾರೂ ಹೋಗುತ್ತಿರಲಿಲ್ಲ.

ನನ್ನ ಸೊಸೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವರ ಕಚೇರಿಯಲ್ಲಿ ಯಾವ ಕೆಲಸ ಎಲ್ಲಿಗೆ ಬಂತು ಎಂದು ನೋಡಿಕೊಳ್ಳಲು ಬಳಸುವ ಟ್ರೆಲೋ ಎಂಬ ತಂತ್ರಾಂಶವನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟಳು. ಅದರಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಸಾಲುಗಳು, ಸಾಲಿನಲ್ಲಿ ಕಾರ್ಡುಗಳು. ನಾನು ಇಲಾಖೆಯವನು, ನನಗೆ ತಕ್ಷಣ ತಿಳಿಯಿತು. ಕಾರ್ಡು ಎಂದರೆ ಕಡತ, ಸಾಲು ಎಂದರೆ ಮೇಜು. ಕಡತ ಯಾವ ಮೇಜಿನ ಮೇಲೆ ಕೂತಿದೆ, ಎಷ್ಟು ದಿನದಿಂದ ಕೂತಿದೆ, ಯಾರ ಹೊಣೆ ಎಂಬುದು ಎಲ್ಲರಿಗೂ ಕಾಣುತ್ತದೆ. ಇಲಾಖೆಯಲ್ಲಿ ಅದೊಂದೇ ಕಾಣುತ್ತಿರಲಿಲ್ಲ!

ಒಬ್ಬ ದಾನಿಗೆ ಒಂದು ಕಾರ್ಡು. ಹೆಸರು, ಒಪ್ಪಿಕೊಂಡ ಮೊತ್ತ, ನಮ್ಮಲ್ಲಿ ಯಾರು ಅವರನ್ನು ಕಾಣಬೇಕು, ಯಾವ ತಾರೀಖಿಗೆ. ಸಾಲುಗಳು ನಾಲ್ಕು: ಮಾತು ಕೊಟ್ಟವರು, ಹಣ ಬಂದದ್ದು, ರಸೀದಿ ಕೊಟ್ಟದ್ದು, ಮುಗಿಯಿತು. ಇದರಿಂದ ದೊಡ್ಡ ಉಪಕಾರವಾಯಿತು, ಅದನ್ನು ಮರೆಮಾಚುವುದಿಲ್ಲ. ಸ್ಲ್ಯಾಬು ಹಾಕುವುದನ್ನು ಮನಬಂದಲ್ಲಿ ಅರ್ಧಕ್ಕೆ ನಿಲ್ಲಿಸಲು ಬರುವುದಿಲ್ಲ. ನಿಲ್ಲಿಸಿದರೆ ಹಳೆ ಕಾಂಕ್ರೀಟು ಹೊಸ ಕಾಂಕ್ರೀಟು ಕೂಡಿದಲ್ಲಿ ಸಂದು ಉಳಿದು ಮಳೆಗಾಲದಲ್ಲಿ ಸೋರುತ್ತದೆ. ಹಾಗಾಗಿ ಸ್ಲ್ಯಾಬಿನ ಪೂರ್ತಿ ಹಣ ಕೈಯಲ್ಲಿದ್ದ ಮೇಲೆಯೇ ಕಬ್ಬಿಣ ಕಟ್ಟಿಸಬೇಕು. ಭರವಸೆ ಎಷ್ಟು, ಜಮಾ ಎಷ್ಟು ಎಂಬುದು ಹಲಗೆಯ ಮೇಲೆ ಬೇರೆ ಬೇರೆ ಕಂಡದ್ದರಿಂದ ನಾವು ಎರಡು ತಿಂಗಳು ಕಾಯ್ದೆವು, ಸಾಲ ಮಾಡಲಿಲ್ಲ.

ಆಗ ನಮ್ಮ ಹಿರಿಯರೊಬ್ಬರು ಸಭೆಯಲ್ಲಿ ಎದ್ದು ನಿಂತು, "ದಾಸೋಹಕ್ಕೆ ಲೆಕ್ಕ ಯಾಕ? ಭಕ್ತಿ ಇದ್ದವರು ಕೊಡತಾರ, ಇಲ್ಲದವರು ಬಿಡತಾರ" ಎಂದು ಆಕ್ಷೇಪಿಸಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂಬ ಚಾಡಿ ಅರಸನ ಕಿವಿಗೆ ಬಿದ್ದಾಗ ಅವರು ಲೆಕ್ಕ ಒಪ್ಪಿಸಿದರು, ಏನೂ ಕೊರತೆ ಬೀಳಲಿಲ್ಲ ಎಂದು ಪುರಾಣಗಳಲ್ಲಿ ಓದುತ್ತೇವೆ. ಲೆಕ್ಕ ಕೇಳಿದ್ದಕ್ಕೆ ಅವರು ಸಿಟ್ಟಾದರು ಎಂದು ನಾನೆಲ್ಲೂ ಓದಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಪಕ್ಕದ ಊರಿನ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು, ನಾವು ಅಕ್ಕಾವರು ಎನ್ನುತ್ತೇವೆ, ತಮ್ಮ ಪಿಂಚಣಿಯಲ್ಲಿ ಉಳಿಸಿ 15,000 ರೂಪಾಯಿ ಕೊಟ್ಟರು. ಹುಡುಗಿಯರ ಓದುವ ಕೋಣೆಗೆ ಒಂದು ಪುಸ್ತಕದ ಕಪಾಟು ಮಾಡಿಸಬೇಕು, ಅದರ ಮೇಲೆ ಯಾರ ಹೆಸರೂ ಬೇಡ ಎಂದರು. ನಾನೇ ಹಣ ತೆಗೆದುಕೊಂಡೆ, ನಾನೇ ರಸೀದಿ ಕೊಟ್ಟೆ, ಕಾರ್ಡನ್ನು "ಮುಗಿಯಿತು" ಸಾಲಿಗೆ ಸರಿಸಿದೆ. ಅದೇ ವಾರ ಸಿಮೆಂಟಿನ ಬಿಲ್ಲು ಬಂದಿತ್ತು, ಹಣ ಅದಕ್ಕೆ ಹೋಯಿತು.

ಎಂಟು ತಿಂಗಳಾದ ಮೇಲೆ ಅಕ್ಕಾವರು ಬಸ್ಸಿಳಿದು ನಡೆದು ಬಂದರು. ಓದುವ ಕೋಣೆಯಲ್ಲಿ ಪುಸ್ತಕಗಳು ಗೋಡೆಗೆ ಆತು ನೆಲದ ಮೇಲಿದ್ದವು. ನಾನು ಏನು ಮಾಡಿದೆ ಗೊತ್ತೇ? ಮೊಬೈಲು ತೆಗೆದು ಅವರ ಕಾರ್ಡು ತೋರಿಸಿದೆ, "ನೋಡ್ರಿ ಅಕ್ಕಾವ್ರ, ನಿಮ್ಮದು ಮುಗದೈತಿ" ಎಂದೆ. ಅವರು ಕನ್ನಡಕ ಸರಿ ಮಾಡಿಕೊಂಡು ಓದಿದರು. "ಏನ್ ಮುಗದೈತ್ರಿ ಸಾಹೇಬ್ರ? ರೊಕ್ಕ ಇಸಗೊಳ್ಳೂದು ಮುಗದೈತೋ, ಕಪಾಟು ಮಾಡ್ಸೂದು ಮುಗದೈತೋ?" ಎಂದು ಕೇಳಿದರು. ದನಿ ಏರಿಸಲಿಲ್ಲ. ಶಾಲೆಯಲ್ಲಿ ತಪ್ಪು ಲೆಕ್ಕ ಮಾಡಿದ ಹುಡುಗನನ್ನು ಕೇಳುವ ಹಾಗೆ ಕೇಳಿದರು.

ಇಲಾಖೆಯಲ್ಲಿ ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ಖರ್ಚು ಹಾಕಿದ ಕಿರಿಯ ಎಂಜಿನಿಯರುಗಳಿಗೆ ನಾನು ಕಾರಣ ಕೇಳಿ ನೋಟಿಸು ಕೊಟ್ಟವನು. ಮಠದ ಕೆಲಸ ಎಂದ ಕೂಡಲೇ ಎಲ್ಲ ಒಂದೇ ಜೋಳಿಗೆ ಎಂದುಕೊಂಡುಬಿಟ್ಟೆ. ಆ ರಾತ್ರಿ ಕುಳಿತು "ಮುಗಿಯಿತು" ಸಾಲಿನ ಕಾರ್ಡುಗಳನ್ನೆಲ್ಲ ತೆರೆದು ನೋಡಿದೆ. ಇಂಥದ್ದಕ್ಕೇ ಎಂದು ಹೇಳಿ ಕೊಟ್ಟವರ ಕಾರ್ಡು 47 ಇದ್ದವು. ಅವುಗಳಲ್ಲಿ 19ರ ಕೆಲಸ ಆಗಿರಲಿಲ್ಲ. ಯಾರೂ ಒಂದು ಪೈಸೆ ಮನೆಗೆ ಒಯ್ದಿರಲಿಲ್ಲ, ಆದರೂ 19 ಜನರಿಗೆ ಕೊಟ್ಟ ಮಾತು ತಪ್ಪಿತ್ತು.

ಮರುದಿನ ಸಮಿತಿಯ ಮುಂದೆ ಹೇಳಿಕೊಂಡೆ. "ಮುಗಿಯಿತು" ಎಂಬ ಸಾಲನ್ನು ತೆಗೆದು, ಅದರ ಜಾಗದಲ್ಲಿ "ಹಣ ಇದೆ, ಕೆಲಸ ಆಗಿಲ್ಲ", "ಕೆಲಸ ಆಗಿದೆ, ತಿಳಿಸಿಲ್ಲ", "ಕೊಟ್ಟವರಿಗೆ ತಿಳಿಸಿದೆ" ಎಂದು ಮೂರು ಸಾಲು ಮಾಡಿದೆವು. ಕೆಲಸದ ಫೋಟೋ, ಖರ್ಚಿನ ಬಿಲ್ಲು ಕಾರ್ಡಿಗೆ ಅಂಟದೆ ಅದು ಕೊನೆಯ ಸಾಲಿಗೆ ಹೋಗುವಂತಿಲ್ಲ. ಹಣ ತಂದವನೇ ಕಾರ್ಡು ಮುಗಿಸುವಂತೆಯೂ ಇಲ್ಲ, ಬೇರೆ ಸದಸ್ಯರು ಹೋಗಿ ಕಣ್ಣಾರೆ ನೋಡಬೇಕು. ಎಲ್ಲ 19 ಕೆಲಸದ ಹಣವನ್ನು ಸಾಮಾನ್ಯ ನಿಧಿಯಿಂದ ತುಂಬಿಕೊಟ್ಟೆವು. ಮಹಡಿಯ ಗಿಲಾವು ಅದರಿಂದ ನಾಲ್ಕು ತಿಂಗಳು ತಡವಾಯಿತು. ತಡವಾಯಿತೆಂದು ನನ್ನನ್ನು ಬೈದವರೂ ಇಲ್ಲೇ ಕೂತಿದ್ದಾರೆ.

ಇನ್ನೊಂದು ಸಂಗತಿ. ಕಾರ್ಡಿಗೆ ಬಣ್ಣದ ಪಟ್ಟಿ ಹಚ್ಚಲು ಬರುತ್ತದೆ. ಲಕ್ಷಕ್ಕಿಂತ ಹೆಚ್ಚು ಕೊಟ್ಟವರಿಗೆ ಕೆಂಪು ಪಟ್ಟಿ ಹಚ್ಚಿದ್ದೆವು. ಕ್ರಮೇಣ ನಾವು ಕೆಂಪು ಕಾರ್ಡಿನವರ ಮನೆಗಷ್ಟೇ ಹೋಗತೊಡಗಿದೆವು. ಪೂಜ್ಯರು ಒಮ್ಮೆ ಹಲಗೆ ನೋಡಿ, "ಮೂರು ದಿನ ಕೂಲಿ ತಗೊಳ್ಳದ ಗಿಲಾವು ಮಾಡಿದ ಗೌಂಡಿ ಇದರಾಗ ಎಲ್ಲಿ ಅದಾನ?" ಎಂದರು. ಎಲ್ಲಿಯೂ ಇರಲಿಲ್ಲ. ಮೊತ್ತ ಬರೆಯದೆ ಕಾರ್ಡು ಮಾಡಬಾರದು ಎಂದು ನಿಯಮ ಮಾಡಿದವನು ನಾನೇ. ಕಾಯಕದ ಬಗ್ಗೆ ದಿನವೂ ಮಾತನಾಡುವ ನಾವು ಕಾಯಕಕ್ಕೆ ಒಂದು ಕಾರ್ಡು ಇಟ್ಟಿರಲಿಲ್ಲ. ಬಣ್ಣ ತೆಗೆದೆವು. ಈಗ "ಮೂರು ದಿನದ ಗಿಲಾವು", "ಎರಡು ಚೀಲ ಜೋಳ" ಎಂಬ ಕಾರ್ಡುಗಳೂ ಅದೇ ಸಾಲಿನಲ್ಲಿವೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಬೇರೆ ಮಠದವರೂ ಇದ್ದೀರಿ ಎಂದು ಹೇಳುತ್ತಿದ್ದೇನೆ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ರಿಯಾಯಿತಿ ಹಣಕ್ಕೆ ಮಾತ್ರ ಇತ್ತು, ಜೋಳದ ಚೀಲಕ್ಕಿರಲಿಲ್ಲ. ನಗದು 2,000 ರೂಪಾಯಿ ಮೀರಿದರೆ ಅದಕ್ಕೂ ಇರಲಿಲ್ಲ. 2021-22ರ ದೇಣಿಗೆಯಿಂದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸುವ ನಿಯಮ ಬಂತು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕವಿತ್ತು. ಕಂಪನಿಗಳು 2013ರ ಕಂಪನಿ ಕಾಯ್ದೆಯ ಪ್ರಕಾರ ಕೊಡುವ ಸಾಮಾಜಿಕ ಹೊಣೆಗಾರಿಕೆಯ ಹಣಕ್ಕೆ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಅಮೆರಿಕದ ಪೌರತ್ವ ಪಡೆದ ನಮ್ಮೂರಿನ ಮಗನೊಬ್ಬ ದೊಡ್ಡ ಮೊತ್ತ ಕಳಿಸುತ್ತೇನೆಂದ. ನಮಗೆ ವಿದೇಶಿ ವಂತಿಗೆಯ ನೋಂದಣಿ ಇಲ್ಲ, ಬೇಡಪ್ಪಾ ಎಂದೆವು. ಭಾರತದ ಪಾಸ್‌ಪೋರ್ಟೇ ಇಟ್ಟುಕೊಂಡು ಹೊರಗೆ ದುಡಿಯುವವರ ಸ್ವಂತ ಉಳಿತಾಯಕ್ಕೆ ಆ ತೊಡಕಿಲ್ಲ. ಹೆಚ್ಚು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗಿ, "ತೆಗೆದುಕೊಳ್ಳಬಾರದ್ದು" ಎಂಬ ಸಾಲನ್ನೂ ಹಲಗೆಯಲ್ಲಿ ಇಟ್ಟಿದ್ದೇನೆ.

ಒಂದು ಎಚ್ಚರಿಕೆ ಹೇಳಬೇಕು. ಈ ಹಲಗೆ ನೆನಪಿಗೆ, ಲೆಕ್ಕಕ್ಕಲ್ಲ. ನಮ್ಮ ಇಲಾಖೆಯ ಅಳತೆ ಪುಸ್ತಕದಲ್ಲಿ ಪುಟಗಳಿಗೆ ಸಂಖ್ಯೆ ಇರುತ್ತದೆ, ಪುಟ ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪಾದರೆ ಗೆರೆ ಎಳೆದು ಸಹಿ ಮಾಡಬೇಕು. ಕಾರ್ಡನ್ನಾದರೋ ಬೆರಳಿನಿಂದ ಅಳಿಸಿಬಿಡಬಹುದು. ಆದ್ದರಿಂದ ಸಂಖ್ಯೆಯಿರುವ ರಸೀದಿ ಪುಸ್ತಕ, ನಗದು ಪುಸ್ತಕ ಬಿಟ್ಟಿಲ್ಲ. ದಾನಿಗಳ ಪಾನ್ ಸಂಖ್ಯೆಯನ್ನು ಹತ್ತು ಜನರ ಮೊಬೈಲಿನಲ್ಲಿ ಕಾಣುವ ಕಾರ್ಡಿನ ಮೇಲೆ ಬರೆಯುವುದಿಲ್ಲ, ಅದು ಲೆಕ್ಕಿಗರ ಕಪಾಟಿನಲ್ಲಿ ಬೀಗದೊಳಗೆ ಇರುತ್ತದೆ.

ಅಕ್ಕಾವರ ಕಪಾಟು ಸಾಗವಾನಿಯದಾಗಲಿಲ್ಲ, ಬೇವಿನ ಕಟ್ಟಿಗೆಯದು. ಬಡಿಗರು ಗಟ್ಟಿಯಾಗಿ ಮಾಡಿಕೊಟ್ಟರು. ಅವರನ್ನು ಕರೆಸಿದೆವು. ಬಾಗಿಲು ತೆರೆದು ನೋಡಿ, "ಕೆಳಗಿನ ಎರಡು ಅರಿ ಯಾಕ ಖಾಲಿ ಅದಾವು?" ಎಂದರು. ಈಗ ಅದಕ್ಕೂ ಒಂದು ಕಾರ್ಡು ಇದೆ.

ನಿನ್ನೆ ಸಂಜೆಗೆ "ಹಣ ಇದೆ, ಕೆಲಸ ಆಗಿಲ್ಲ" ಸಾಲಿನಲ್ಲಿ ಆರು ಕಾರ್ಡು ಉಳಿದಿವೆ. ಆರನ್ನೂ ಮುದ್ರಿಸಿ ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ. ಅಲ್ಲೇ ಹಳೆಯ ರಸೀದಿಗಳ ಪುಸ್ತಕವೂ ಇದೆ. ಪ್ರಸಾದಕ್ಕೆ ಹೋಗುವಾಗ ನಿಮ್ಮ ನಿಮ್ಮ ಹೆಸರು ಹುಡುಕಿ ನೋಡಿ. ಕೊಟ್ಟದ್ದು ಒಂದು, ಆದದ್ದು ಇನ್ನೊಂದು ಎಂದು ಕಂಡರೆ ಇಲ್ಲೇ ಹೇಳಿ, ನಾನು ಮೇಜಿನ ಬಳಿಯೇ ಕೂತಿರುತ್ತೇನೆ.